ಬಿದ್ದವನ ಕೈಯಲ್ಲಿ ಉಳಿಯುವ ಬಂಡವಾಳ

(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಯುವಕರು ಮತ್ತು ಉದ್ಯಮ ಎಂಬ ವಿಷಯದ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಗೆದ್ದವರ ಕಥೆಯನ್ನು ಹೇಳಲಾಗುತ್ತದೆ. ಕೇಳುವಾಗ ರೋಮಾಂಚನವಾಗುತ್ತದೆ. ಆದರೆ ಸಭೆ ಮುಗಿಸಿ ಮನೆಗೆ ಮರಳುವ ಯುವಕನ ಮುಂದೆ ಅಂಗಡಿಯ ಬಾಡಿಗೆ, ಸಗಟು ವ್ಯಾಪಾರಿಯ ಬಾಕಿ ಮತ್ತು ನೆರೆಹೊರೆಯವರ ಪ್ರಶ್ನೆಗಳು ಹಾಗೆಯೇ ನಿಂತಿರುತ್ತವೆ. ಆದ್ದರಿಂದ ನಾನು ಇಂದು ಗೆಲುವಿಗಿಂತ ಹೆಚ್ಚಾಗಿ ಸೋಲಿನ ಬಗ್ಗೆ ಮಾತನಾಡುತ್ತೇನೆ. ಉದ್ಯಮಿಯೊಬ್ಬ ಬಿದ್ದಾಗ ಅವನ ಕೈಯಲ್ಲಿ ಉಳಿಯುವುದೇನು, ಅವನನ್ನು ಮತ್ತೆ ಎಬ್ಬಿಸುವುದೇನು ಎಂಬುದೇ ನನ್ನ ವಿಷಯ.

ಈ ಪ್ರಶ್ನೆ ನಮ್ಮ ಸಮುದಾಯಕ್ಕೆ ಇತರರಿಗಿಂತ ಹೆಚ್ಚು ಮುಖ್ಯವಾದದ್ದು. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯನ್ನು ನಾವು ಸರಕಾರಿ ಉದ್ಯೋಗದಲ್ಲಿನ ನಮ್ಮ ಕೊರತೆಯನ್ನು ಹೇಳಲಿಕ್ಕಾಗಿ ಮಾತ್ರ ಉಲ್ಲೇಖಿಸುತ್ತೇವೆ. ಅದೇ ವರದಿಯಲ್ಲಿ ಇನ್ನೊಂದು ಅಂಶವೂ ಇದೆ. ದುಡಿಯುವ ಮುಸ್ಲಿಮರಲ್ಲಿ ಸುಮಾರು 61 ಶೇಕಡಾ ಮಂದಿ ಸ್ವಂತ ದುಡಿಮೆಯನ್ನು ಅವಲಂಬಿಸಿದವರು. ಹಿಂದೂಗಳಲ್ಲಿ ಈ ಪ್ರಮಾಣ ಸುಮಾರು 55 ಶೇಕಡಾ. ಅಂದರೆ ನಮ್ಮಲ್ಲಿ ಹೆಚ್ಚಿನವರು ತಿಂಗಳ ಸಂಬಳ ಪಡೆಯುವವರಲ್ಲ. ಗುಜರಿ, ಹಣ್ಣು, ಮೀನು, ಬಟ್ಟೆ, ಬೇಕರಿ, ಗ್ಯಾರೇಜು ಇವೇ ನಮ್ಮ ಮನೆಗಳ ಒಲೆ ಉರಿಸುತ್ತವೆ. ವ್ಯಾಪಾರಕ್ಕೆ ಪೆಟ್ಟು ಬಿದ್ದರೆ ಆ ಪೆಟ್ಟು ನೇರವಾಗಿ ಮಗಳ ಕಾಲೇಜು ಶುಲ್ಕಕ್ಕೂ ತಾಯಿಯ ಔಷಧಕ್ಕೂ ಬೀಳುತ್ತದೆ.

ನಾನು ಇಂದು ಆರಿಸಿಕೊಂಡಿರುವ ಉದಾಹರಣೆ ನಿಮಗೆಲ್ಲ ಪರಿಚಿತವಾದದ್ದೇ. ನಿಮ್ಮಲ್ಲಿ ಹಲವರ ಫ್ರಿಜ್‌ನಲ್ಲಿ ಅದರ ಪೊಟ್ಟಣವೂ ಇರಬಹುದು. ಬೆಂಗಳೂರಿನ ಐಡಿ ಫ್ರೆಶ್ ಫುಡ್ ಎಂಬ ಇಡ್ಲಿ-ದೋಸೆ ಹಿಟ್ಟಿನ ಕಂಪೆನಿ ಮತ್ತು ಅದನ್ನು ಕಟ್ಟಿದ ಪಿ.ಸಿ. ಮುಸ್ತಫಾ.

ಮುಸ್ತಫಾ ಕೇರಳದ ವಯನಾಡು ಜಿಲ್ಲೆಯ ಕಲ್ಪೆಟ್ಟ ಸಮೀಪದ ಚೆನ್ನಲೋಡು ಎಂಬ ಹಳ್ಳಿಯವರು. ತಂದೆ ಕೂಲಿ ಕಾರ್ಮಿಕ. ತಾಯಿಗೆ ಓದುಬರಹ ತಿಳಿದಿರಲಿಲ್ಲ. ಶಾಲೆ ಬಿಟ್ಟ ಬಳಿಕ ತಂದೆಯೊಂದಿಗೆ ಕೆಲಸಕ್ಕೆ ಹೋಗುತ್ತಿದ್ದ ಈ ಹುಡುಗ 6ನೇ ತರಗತಿಯಲ್ಲಿ ಅನುತ್ತೀರ್ಣನಾದ. ಇದು ಅವರ ಬದುಕಿನ ಮೊದಲ ಸೋಲು. ಓದು ಮುಗಿಯಿತೆಂದು ಮನೆಯವರೂ ಅವರೂ ಭಾವಿಸಿದ್ದರು. ಆಗ ಗಣಿತ ಕಲಿಸುತ್ತಿದ್ದ ಅಧ್ಯಾಪಕರೊಬ್ಬರು ಅವರನ್ನು ಮರಳಿ ಶಾಲೆಗೆ ಕರೆತಂದರು. ಮುಂದೆ ಕೂಲಿಯಾಗಬೇಕೆಂದಿರುವೆಯೋ ಅಧ್ಯಾಪಕನಾಗಬೇಕೆಂದಿರುವೆಯೋ ಎಂದು ಅವರು ಕೇಳಿದ್ದನ್ನು ಮುಸ್ತಫಾ ಅನೇಕ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ತನಗಿಂತ ಕಿರಿಯರ ಜೊತೆ ಅದೇ ತರಗತಿಯ ಬೆಂಚಿನಲ್ಲಿ ಮತ್ತೆ ಕುಳಿತುಕೊಳ್ಳುವುದು ಮಗುವಿಗೆ ಎಂತಹ ಅವಮಾನವೆಂಬುದನ್ನು ಊಹಿಸಿರಿ. ಅದೇ ಹುಡುಗ ಮುಂದೆ 10ನೇ ತರಗತಿಯಲ್ಲಿ ಶಾಲೆಗೆ ಮೊದಲಿಗನಾದ. ಕೋಝಿಕ್ಕೋಡಿನ ಫಾರೂಕ್ ಕಾಲೇಜಿನಲ್ಲಿ ಓದಿ, ಅಲ್ಲಿಂದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಹುಡುಗನ ಕೈಯಲ್ಲಿ ಅಂದು ಬಂಡವಾಳವೇನೂ ಇರಲಿಲ್ಲ. ಒಬ್ಬರು ಅವನ ಮೇಲೆ ವಿಶ್ವಾಸವಿರಿಸಿದರು, ಅಷ್ಟೇ. ಪ್ರತಿ ವರ್ಷ ಫಲಿತಾಂಶ ಬಂದಾಗ ನಾವು ಮೊದಲ ಸ್ಥಾನ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಫಲಕ ನೀಡುತ್ತೇವೆ. ಅದು ಒಳ್ಳೆಯದೇ. ಅನುತ್ತೀರ್ಣರಾದ ಮಕ್ಕಳ ಮನೆಗೆ ಹೋಗಿ ಪುನಃ ಪರೀಕ್ಷೆಗೆ ಕುಳ್ಳಿರಿಸುವ ಕಾರ್ಯಕ್ರಮ ನಮ್ಮ ಎಷ್ಟು ಸಂಘಟನೆಗಳಲ್ಲಿದೆ?

ಪದವಿಯ ಬಳಿಕ ಮುಸ್ತಫಾರಿಗೆ ಬೆಂಗಳೂರಿನಲ್ಲಿ ಕೆಲಸ ದೊರೆಯಿತು. ಮುಂದೆ ಐರ್ಲೆಂಡಿಗೂ ದುಬೈಗೂ ಹೋದರು. ಅಲ್ಲಿಂದ ಕಳುಹಿಸಿದ ಹಣದಿಂದ ತಂದೆಯ ಸಾಲ ತೀರಿತು, ಸಹೋದರಿಯರ ವಿವಾಹವಾಯಿತು, ಊರಿನಲ್ಲಿ ಮನೆಯೂ ಎದ್ದಿತು. ಕೊಲ್ಲಿಯ ದುಡಿಮೆಯ ಕಥೆ ನಮ್ಮಲ್ಲಿ ಹೆಚ್ಚಾಗಿ ಇಲ್ಲಿಗೇ ಮುಗಿಯುತ್ತದೆ. ಸಾಲ, ಮದುವೆ, ಮನೆ. ಅನಂತರ ಇನ್ನೆರಡು ವರ್ಷ, ಮತ್ತೆರಡು ವರ್ಷ ಎನ್ನುತ್ತಾ ಆಯುಷ್ಯವೇ ಅಲ್ಲಿ ಕಳೆಯುತ್ತದೆ. ಮುಸ್ತಫಾ 2003ರ ಹೊತ್ತಿಗೆ ಭಾರತಕ್ಕೆ ಮರಳಿದರು. ಬೆಂಗಳೂರಿನ ಐಐಎಮ್‌ನಲ್ಲಿ ವ್ಯವಹಾರಾಡಳಿತ ಕಲಿಯತೊಡಗಿದರು.

ಅವರ ಸೋದರ ಸಂಬಂಧಿಯೊಬ್ಬರು ಬೆಂಗಳೂರಿನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ರಬ್ಬರ್ ಬ್ಯಾಂಡ್ ಹಾಕಿದ ದೋಸೆ ಹಿಟ್ಟು ಆ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. ಅದರ ಗುಣಮಟ್ಟದ ಬಗ್ಗೆ ಗೃಹಿಣಿಯರ ದೂರು ತಪ್ಪುತ್ತಿರಲಿಲ್ಲ. ಶುದ್ಧವಾದ ಹಿಟ್ಟನ್ನು ನಾವೇ ಮಾಡಿ ಮಾರಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಈ ದೂರುಗಳಿಂದ. 2005ರಲ್ಲಿ ಪುಟ್ಟ ಅಡುಗೆ ಕೋಣೆಯೊಂದರಲ್ಲಿ ಕೆಲವು ಯಂತ್ರಗಳೊಂದಿಗೆ ಸೋದರ ಸಂಬಂಧಿಗಳೆಲ್ಲ ಸೇರಿ ಕೆಲಸ ಆರಂಭಿಸಿದರು. ಇಡ್ಲಿಯ ಮೊದಲಕ್ಷರ, ದೋಸೆಯ ಮೊದಲಕ್ಷರ ಸೇರಿ ಐಡಿ ಎಂಬ ಹೆಸರಾಯಿತು.

ದಿನಕ್ಕೆ ನೂರು ಪೊಟ್ಟಣ ಮಾರಾಟವಾಗಬೇಕೆಂಬುದು ಅವರ ಮೊದಲ ಗುರಿ. ಬೆಂಗಳೂರಿನಂತಹ ಮಹಾನಗರದಲ್ಲಿ ನೂರು ಪೊಟ್ಟಣ! ಆದರೆ ಆ ಗುರಿ ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಒಂಬತ್ತು ತಿಂಗಳ ಕಾಲ ಪ್ರತಿ ದಿನ ಅಕ್ಕಿ-ಉದ್ದು ನೆನೆಸಿ, ರುಬ್ಬಿ, ತುಂಬಿ, ಅಂಗಡಿಯಿಂದ ಅಂಗಡಿಗೆ ಸುತ್ತಬೇಕು, ಮಾರಾಟವಾಗದ್ದನ್ನು ಮರುದಿನ ಲೆಕ್ಕ ಹಾಕಬೇಕು. ನಮ್ಮ ಮನೆಗಳಲ್ಲಿ ಮಗ ಅಂಗಡಿ ತೆರೆದ ಮೂರನೆಯ ತಿಂಗಳಿಗೇ ಇದರಿಂದ ಆಗುವುದಿಲ್ಲ, ವೀಸಾ ನೋಡು ಎಂದು ಹೇಳುವವರಿದ್ದಾರೆ. ಅಂಗಡಿಯ ಉದ್ಘಾಟನೆಗೆ ಊರನ್ನೆಲ್ಲ ಕರೆದು ಊಟ ಹಾಕಿ, ಮೂರು ತಿಂಗಳ ಬಾಡಿಗೆಗೆ ಸಾಕಾಗುವಷ್ಟು ಹಣವನ್ನು ಒಂದೇ ದಿನದಲ್ಲಿ ಕರಗಿಸುವವರೂ ಇದ್ದಾರೆ.

ಹಿಟ್ಟಿನ ವ್ಯಾಪಾರ ಹೊರಗಿನಿಂದ ನೋಡಲು ಸುಲಭ. ಒಳಗೆ ಹೊಕ್ಕವರಿಗೆ ಅದರ ಕಷ್ಟ ತಿಳಿಯುತ್ತದೆ. ಬಟ್ಟೆಯ ವ್ಯಾಪಾರಿಗೆ ಈ ಹಬ್ಬಕ್ಕೆ ಮಾರಾಟವಾಗದ್ದು ಮುಂದಿನ ಹಬ್ಬಕ್ಕೆ ಮಾರಾಟವಾದೀತು. ಹಿಟ್ಟು ಹಾಗಲ್ಲ, ಅದು ಪೊಟ್ಟಣದೊಳಗೆ ಕುಳಿತು ಹುಳಿಯುತ್ತಲೇ ಇರುತ್ತದೆ. ಅದರಲ್ಲಿರುವ ಸೂಕ್ಷ್ಮಾಣುಗಳು ಅನಿಲವನ್ನು ಉತ್ಪಾದಿಸಿ ಪೊಟ್ಟಣವನ್ನು ಉಬ್ಬಿಸುತ್ತವೆ. ಬೇಸಿಗೆಯಲ್ಲಿ ಬೇಗನೆ ಹುಳಿಯುತ್ತದೆ, ಚಳಿಗಾಲದಲ್ಲಿ ಉಬ್ಬುವುದೇ ಇಲ್ಲ. ಕೆಡದಂತೆ ತಡೆಯುವ ರಾಸಾಯನಿಕ ಬೆರೆಸುವುದಿಲ್ಲವೆಂದು ಒಮ್ಮೆ ಮಾತು ಕೊಟ್ಟ ಮೇಲೆ ಶೀತಲೀಕರಣ, ವಾಹನ, ಸಮಯಪಾಲನೆ ಇವುಗಳಲ್ಲಿ ಯಾವುದು ತಪ್ಪಿದರೂ ಮಾಲು ನಷ್ಟ. ಬೇಡಿಕೆಗಿಂತ ಹೆಚ್ಚು ತಯಾರಿಸಿದರೆ ನಷ್ಟ, ಕಡಿಮೆಯಾದರೆ ಗ್ರಾಹಕ ಬೇರೆಡೆಗೆ ಹೋಗುತ್ತಾನೆ. ಆದ್ದರಿಂದ ಅಂಗಡಿವಾರು, ದಿನವಾರು ಲೆಕ್ಕ ಬರೆದಿಡದೆ ಈ ವ್ಯಾಪಾರ ನಡೆಯುವುದಿಲ್ಲ. ಲೆಕ್ಕವೆಲ್ಲ ನನ್ನ ತಲೆಯಲ್ಲಿದೆ ಎನ್ನುವ ನಮ್ಮ ಹಿರಿಯ ವ್ಯಾಪಾರಿಗಳು ಇದನ್ನು ಗಮನಿಸಬೇಕು.

ಕಂಪೆನಿ ಬೆಳೆಯತೊಡಗಿದಂತೆ ಹಣದ ಅಭಾವ ಎದುರಾಯಿತು. ಇದು ಅನೇಕ ಯುವಕರಿಗೆ ಅರ್ಥವಾಗದ ಸಂಗತಿ. ಮಾರಾಟ ಹೆಚ್ಚಿದರೆ ಹಣವೂ ಹೆಚ್ಚಬೇಕಲ್ಲವೇ? ಹಾಗಾಗುವುದಿಲ್ಲ. ಅಕ್ಕಿ-ಉದ್ದಿಗೆ ಇಂದೇ ಹಣ ಕೊಡಬೇಕು, ಅಂಗಡಿಯಿಂದ ಹಣ ಬರುವುದು ನಾಳೆ. ಯಂತ್ರಕ್ಕೆ ಈ ವರ್ಷ ಹಣ ಹಾಕಬೇಕು, ಅದರ ಫಲ ದೊರೆಯುವುದು ಇನ್ನೆರಡು ವರ್ಷಗಳ ಬಳಿಕ. ಬೆಳೆಯುವ ವ್ಯಾಪಾರವೇ ಉಸಿರುಗಟ್ಟಿ ಸಾಯುವುದು ಇಂತಹ ಹೊತ್ತಿನಲ್ಲಿ. ಕೆಲಸಗಾರರಿಗೆ ಸಂಬಳ ಕೊಡಲಾಗದ ದಿನಗಳೂ ಇದ್ದವೆಂದು ಮುಸ್ತಫಾ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅಂದು ಜೊತೆಗಿದ್ದ 25 ಮಂದಿ ಕೆಲಸಗಾರರಿಗೆ, ಮುಂದೊಂದು ದಿನ ನಿಮ್ಮನ್ನು ಶ್ರೀಮಂತರನ್ನಾಗಿಸುತ್ತೇವೆ ಎಂದು ಮಾತು ಕೊಟ್ಟಿದ್ದರಂತೆ. ಕೆಲಸಗಾರರು ಬಿಟ್ಟು ಹೋಗಲಿಲ್ಲ. ವರ್ಷಗಳ ಬಳಿಕ ಹೂಡಿಕೆದಾರರು ಬಂದಾಗ ಆ ಮಾತನ್ನು ಉಳಿಸಿಕೊಂಡೆವೆಂದೂ ಅವರು ಹೇಳಿದ್ದಾರೆ.

ಸಂಬಳ ಸಿಗದ ಕೆಲಸಗಾರ ಯಾಕಾಗಿ ಉಳಿಯುತ್ತಾನೆ? ಬರಿಯ ಮಾತಿಗಾಗಿ ಯಾರೂ ಉಳಿಯುವುದಿಲ್ಲ. ಮಾಲಿಕನೂ ತನ್ನ ಜೊತೆಗೇ ಹಿಟ್ಟು ರುಬ್ಬುತ್ತಿದ್ದಾನೆ, ತನ್ನಿಂದ ಬಚ್ಚಿಟ್ಟು ಅವನು ಸುಖಪಡುತ್ತಿಲ್ಲ ಎಂದು ಕಣ್ಣಾರೆ ಕಂಡವನು ಮಾತ್ರ ಉಳಿಯುತ್ತಾನೆ. ಕೆಲಸಗಾರನ ಸಂಬಳ ಬಾಕಿಯಿರಿಸಿ ಹೊಸ ಕಾರು ಖರೀದಿಸುವ ಮಾಲಿಕನಿಗೆ ಕಷ್ಟಕಾಲದಲ್ಲಿ ಯಾರೂ ಜೊತೆ ನಿಲ್ಲಲಾರರು. ಬೆವರು ಆರುವ ಮುನ್ನ ಕೂಲಿ ನೀಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಭಾಷಣಗಳಲ್ಲಿ ಹೇಳುವಷ್ಟು ಅಂಗಡಿಗಳಲ್ಲಿ ಪಾಲಿಸುತ್ತಿದ್ದೇವೆಯೇ?

2014ರಲ್ಲಿ ಹೆಲಿಯನ್ ಸಂಸ್ಥೆ ಈ ಕಂಪೆನಿಯಲ್ಲಿ 35 ಕೋಟಿ ರೂಪಾಯಿ ಹೂಡಿತು. 2017ರಲ್ಲಿ ಅಝೀಮ್ ಪ್ರೇಮ್‌ಜಿಯವರ ಹೂಡಿಕೆ ಸಂಸ್ಥೆಯಿಂದ 150 ಕೋಟಿ ಬಂತು. ಮಲಬಾರ್ ಪರೋಟ, ಚಪಾತಿ, ಪನೀರ್, ಕಾಫಿ ಡಿಕಾಕ್ಷನ್ ಹೀಗೆ ಉತ್ಪನ್ನಗಳು ಹೆಚ್ಚಿದವು. ಬೆಂಗಳೂರಿನಾಚೆಗೆ ಇತರ ನಗರಗಳಿಗೂ ದುಬೈಗೂ ವ್ಯಾಪಾರ ವಿಸ್ತರಿಸಿತು. ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಶ್ರಮಪಟ್ಟವರೆಲ್ಲರಿಗೂ ಇಷ್ಟು ದೊರೆಯುತ್ತದೆಂದು ನಾನು ಹೇಳಲಾರೆ. ಮುಸ್ತಫಾರ ಬೆನ್ನ ಹಿಂದೆ ಇಂಜಿನಿಯರಿಂಗ್ ಪದವಿಯಿತ್ತು, ವಿದೇಶದ ಸಂಬಳದ ಉಳಿತಾಯವಿತ್ತು, ಐಐಎಮ್‌ನ ಶಿಕ್ಷಣವಿತ್ತು. ಇವಾವುದೂ ಇಲ್ಲದೆ ಕೈಗಾಡಿ ತಳ್ಳುವ ಸಹೋದರನಿಗೆ, ನೀನೂ ಮನಸ್ಸು ಮಾಡಿದರೆ ಕೋಟ್ಯಧಿಪತಿಯಾಗುವೆ ಎನ್ನುವುದು ಅವನ ಬಡತನವನ್ನು ಅಣಕಿಸಿದಂತೆ. ಈ ಕಥೆಯಿಂದ ನಾವು ಕಲಿಯಬೇಕಾದದ್ದು ಕೋಟಿಗಳ ಲೆಕ್ಕವನ್ನಲ್ಲ. ವಿಶ್ವಾಸವನ್ನು ಸಂಪಾದಿಸುವ ವಿಧಾನವನ್ನು.

ಆ ವಿಶ್ವಾಸದ ಅತ್ಯಂತ ಕಠಿಣ ಪರೀಕ್ಷೆ 2021ರ ಸೆಪ್ಟೆಂಬರ್‌ನಲ್ಲಿ ನಡೆಯಿತು. ಈ ಕಂಪೆನಿಯ ಹಿಟ್ಟಿನಲ್ಲಿ ದನದ ಎಲುಬು ಬೆರೆಸಲಾಗುತ್ತದೆ ಎಂಬ ಸುಳ್ಳು ಸಂದೇಶ ವಾಟ್ಸಪ್‌ನಲ್ಲಿ ಹರಿದಾಡಿತು. ಕರುವಿನ ಜಠರದ ದ್ರವ್ಯ ಬೆರೆಸುತ್ತಾರೆ, ಮುಸ್ಲಿಮರನ್ನು ಮಾತ್ರ ಕೆಲಸಕ್ಕಿರಿಸುತ್ತಾರೆ ಎಂಬಿತ್ಯಾದಿ ಸುಳ್ಳುಗಳೂ ಅದಕ್ಕೆ ಸೇರಿಕೊಂಡವು. ಯೋಚಿಸಿ ನೋಡಿ. ಇಡ್ಲಿ ಹಿಟ್ಟಿಗೆ ಅಕ್ಕಿ, ಉದ್ದು, ಮೆಂತ್ಯ, ನೀರು ಸಾಕು ಎಂಬುದು ನಮ್ಮ ನಾಡಿನ ಯಾವ ಗೃಹಿಣಿಗೆ ತಿಳಿದಿಲ್ಲ? ಎಲುಬು ಹಾಕಿದರೆ ಇಡ್ಲಿ ಮೃದುವಾಗುತ್ತದೆಯೇ? ಆದರೆ ವದಂತಿಗೆ ತರ್ಕದ ಅಗತ್ಯವಿರುವುದಿಲ್ಲ. ಮಾಲಿಕನ ಹೆಸರೊಂದೇ ಅದಕ್ಕೆ ಸಾಕಾಗುತ್ತದೆ.

ಈ ಘಟನೆ ಒಂಟಿಯಾದುದಲ್ಲ. 2022ರ ಮಾರ್ಚ್‌ನಲ್ಲಿ ಕರಾವಳಿಯ ಹಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶ ನಿರಾಕರಿಸಲಾಯಿತು. ಅದರ ಬೆನ್ನಿಗೇ ಯುಗಾದಿಯ ಹೊಸತೊಡಕಿನ ಸಂದರ್ಭದಲ್ಲಿ ಹಲಾಲ್ ಮಾಂಸವನ್ನು ಬಹಿಷ್ಕರಿಸುವ ಕರೆ ಕೇಳಿಬಂತು. ತಲೆಮಾರುಗಳಿಂದ ಜಾತ್ರೆಯಲ್ಲಿ ಬಳೆ, ಆಟಿಕೆ, ಹಣ್ಣು ಮಾರುತ್ತಿದ್ದವರು ಅಂದು ಮಾಲಿನೊಂದಿಗೆ ಮನೆಯಲ್ಲಿ ಕುಳಿತರು. ಐಡಿಯಂತಹ ಕಂಪೆನಿಗೆ ವಕೀಲರಿದ್ದಾರೆ, ಪತ್ರಿಕೆಗಳಿಗೆ ಹೇಳಿಕೆ ನೀಡುವವರಿದ್ದಾರೆ. ಜಾತ್ರೆಯ ಬಳೆಗಾರನಿಗೆ ಯಾರಿದ್ದಾರೆ? ಸಂವಿಧಾನವು ಪ್ರತಿಯೊಬ್ಬ ಪ್ರಜೆಗೂ ಇಷ್ಟಪಟ್ಟ ವೃತ್ತಿ, ವ್ಯಾಪಾರ ನಡೆಸುವ ಹಕ್ಕನ್ನು 19ನೇ ವಿಧಿಯಲ್ಲಿ ನೀಡಿದೆ. ಆ ಹಕ್ಕನ್ನು ಕಾಪಾಡುವುದು ಸರಕಾರದ ಕರ್ತವ್ಯ. ಅದನ್ನು ಕೇಳುವಲ್ಲಿ ನಾವು ಸಂಕೋಚಪಡಬೇಕಾಗಿಲ್ಲ.

ಇನ್ನು ಕಂಪೆನಿ ಈ ವದಂತಿಯನ್ನು ಹೇಗೆ ಎದುರಿಸಿತೆಂಬುದನ್ನು ನೋಡೋಣ. ತನ್ನ ಹಿಟ್ಟಿನಲ್ಲಿ ಸಸ್ಯಾಹಾರದ ಸಾಮಗ್ರಿಗಳನ್ನು ಮಾತ್ರ ಬಳಸಲಾಗುತ್ತದೆಂದು ಅದು ಸಾರ್ವಜನಿಕವಾಗಿ ಸ್ಪಷ್ಟಪಡಿಸಿತು, ಸಂಬಂಧಪಟ್ಟವರಿಗೆ ದೂರು ನೀಡಿತು. ಸಿಟ್ಟಿನಿಂದ ಬೀದಿಗಿಳಿಯಲಿಲ್ಲ. ಅಂಜಿ ಹೆಸರನ್ನು ಬಚ್ಚಿಡಲೂ ಇಲ್ಲ. ಕಾರ್ಖಾನೆಯೊಳಗಿನ ಕೆಲಸವನ್ನು ನೇರಪ್ರಸಾರದಲ್ಲಿ ಗ್ರಾಹಕರಿಗೆ ತೋರಿಸುವ ಕ್ರಮವನ್ನೂ ಈ ಕಂಪೆನಿ ಕೈಗೊಂಡದ್ದಿದೆ. ಅದಕ್ಕೂ ಮುನ್ನ ಅದು ಇನ್ನೊಂದು ಪ್ರಯೋಗ ಮಾಡಿತ್ತು. ವಸತಿ ಸಮುಚ್ಚಯಗಳಲ್ಲಿ ಮಾರಾಟಗಾರನಿಲ್ಲದ ಅಂಗಡಿಗಳನ್ನಿರಿಸಿತ್ತು. ಶೀತಕದಿಂದ ಪೊಟ್ಟಣ ತೆಗೆದುಕೊಂಡು ಗ್ರಾಹಕರೇ ಪೆಟ್ಟಿಗೆಗೆ ಹಣ ಹಾಕಬೇಕು. ಗ್ರಾಹಕನನ್ನು ನಂಬಿದ ವ್ಯಾಪಾರಿಯನ್ನು ಗ್ರಾಹಕನೂ ನಂಬುತ್ತಾನೆ. ವದಂತಿ ಬಂದ ದಿನ ಗೃಹಿಣಿಯೊಬ್ಬಳು ವಾಟ್ಸಪ್ ಸಂದೇಶವನ್ನು ನಂಬಬೇಕೋ, ವರ್ಷಗಟ್ಟಲೆ ತಾನೇ ಬಡಿಸಿದ ಇಡ್ಲಿಯನ್ನು ನಂಬಬೇಕೋ ಎಂದು ತನ್ನ ಅಡುಗೆಮನೆಯಲ್ಲೇ ತೀರ್ಮಾನಿಸಬೇಕಾಗುತ್ತದೆ. ಅಲ್ಲಿ ವಕೀಲನ ವಾದವೂ ಪತ್ರಿಕಾ ಹೇಳಿಕೆಯೂ ಹೆಚ್ಚು ಕೆಲಸಕ್ಕೆ ಬಾರದು. ಅದುವರೆಗಿನ ಪ್ರತಿಯೊಂದು ಪೊಟ್ಟಣವೂ ಸಾಕ್ಷಿ ನುಡಿಯಬೇಕು.

ಮರುವರ್ಷ, 2022ರ ಆರಂಭದಲ್ಲಿ, ಕಂಪೆನಿಗೆ ಮತ್ತೆ ನೂರಾರು ಕೋಟಿ ರೂಪಾಯಿಗಳ ಹೂಡಿಕೆ ಬಂತು. ಆದರೆ ಹೂಡಿಕೆ ಬರುವುದೂ ಲಾಭ ಬರುವುದೂ ಒಂದೇ ಅಲ್ಲ. ವಿಸ್ತರಣೆಯ ವೆಚ್ಚದಿಂದಾಗಿ ಕಂಪೆನಿ ನಷ್ಟವನ್ನು ಅನುಭವಿಸಿತ್ತು. 2023-24ರ ಆರ್ಥಿಕ ವರ್ಷದಲ್ಲಿ ಅದರ ವಹಿವಾಟು 500 ಕೋಟಿಯನ್ನು ದಾಟಿತು, ಲೆಕ್ಕಪತ್ರವೂ ಲಾಭದ ಕಡೆಗೆ ತಿರುಗಿತು. ನೂರು ಪೊಟ್ಟಣದ ದಿನಗಳಿಂದ ಇಲ್ಲಿಗೆ ತಲುಪಲು ಹಿಡಿದದ್ದು ಸುಮಾರು ಹತ್ತೊಂಬತ್ತು ವರ್ಷ.

ಸಹೋದರರೇ, ವಿಶ್ವಾಸವೇ ಬಂಡವಾಳ ಎಂಬುದು ನಮಗೆ ಹೊಸ ಪಾಠವಲ್ಲ. ಮಕ್ಕಾದ ಯುವಕ ಮುಹಮ್ಮದ್‌ರ(ಸ) ಬಳಿ ವ್ಯಾಪಾರಕ್ಕೆ ಹಣವಿರಲಿಲ್ಲ, ಅಲ್ ಅಮೀನ್ ಎಂಬ ಹೆಸರಿತ್ತು. ಹಝ್ರತ್ ಖದೀಜಾ(ರ) ತಮ್ಮ ಸರಕನ್ನು ಒಪ್ಪಿಸಿದ್ದು ಆ ಹೆಸರಿಗೆ. ಮಕ್ಕಾದಲ್ಲಿ ಎಲ್ಲವನ್ನೂ ಬಿಟ್ಟು ಮದೀನಾಕ್ಕೆ ಬಂದ ಅಬ್ದುರ್‍ರಹ್ಮಾನ್ ಬಿನ್ ಔಫ್‌ರಿಗೆ(ರ) ಅಲ್ಲಿನ ಸಹೋದರರೊಬ್ಬರು ತಮ್ಮ ಸಂಪತ್ತಿನ ಅರ್ಧವನ್ನೇ ನೀಡಲು ಮುಂದಾದರು. ಅವರು ಅದನ್ನು ಸ್ವೀಕರಿಸದೆ ಮಾರುಕಟ್ಟೆಯ ದಾರಿಯನ್ನು ಕೇಳಿದರು. ತುಪ್ಪ, ಗಿಣ್ಣಿನಂತಹ ಸಣ್ಣ ಸರಕಿನಿಂದ ಮತ್ತೆ ಆರಂಭಿಸಿದರು. ಕೊಡಲು ಮುಂದಾದ ಸಹೋದರನನ್ನೂ ದಾರಿ ಕೇಳಿದ ಸಹೋದರನನ್ನೂ ನಾವು ಜೊತೆಯಾಗಿ ನೆನಪಿಟ್ಟುಕೊಳ್ಳಬೇಕು. ಒಬ್ಬನು ಬಿದ್ದವನನ್ನು ಕೈಬಿಡಲಿಲ್ಲ, ಇನ್ನೊಬ್ಬನು ಕೈಚಾಚಿ ಕುಳಿತಿರಲಿಲ್ಲ.

ಕೊನೆಯದಾಗಿ ಮೂರು ವಿನಂತಿಗಳಿವೆ.

ಮೊದಲನೆಯದು ವ್ಯಾಪಾರ ನಡೆಸುವವರಿಗೆ. ಪಾಲುದಾರಿಕೆಯನ್ನು ಬರೆದಿಡಿರಿ. ಅಣ್ಣ-ತಮ್ಮಂದಿರ ನಡುವೆ ಕಾಗದವೇತಕ್ಕೆ ಎಂದು ಕೇಳಬೇಡಿರಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ವಿಶ್ವಾಸಿಗಳಿಗೇ ಆದೇಶಿಸಿದೆ, ಅಪರಿಚಿತರಿಗಷ್ಟೇ ಅಲ್ಲ. ನಮ್ಮ ಎಷ್ಟೋ ಅಂಗಡಿಗಳು ಮುಚ್ಚಿದ್ದು ಗಿರಾಕಿಗಳಿಲ್ಲದೆ ಅಲ್ಲ, ಭಾವ-ಮೈದುನರ ಜಗಳದಿಂದ. ತೂಕದಲ್ಲಿ, ಗುಣಮಟ್ಟದಲ್ಲಿ, ತೆರಿಗೆಯಲ್ಲಿ ನೇರವಾಗಿರಿ. ದ್ವೇಷ ಹರಡುವವರನ್ನು ಖಂಡಿಸೋಣ. ಆದರೆ ನಾವೇ ಮಾಡಿದ ಮೋಸದಿಂದ ಗಿರಾಕಿ ದೂರವಾದಾಗ ಅದನ್ನು ದ್ವೇಷದ ಲೆಕ್ಕಕ್ಕೆ ಬರೆಯದಿರೋಣ.

ಎರಡನೆಯದು ತಂದೆತಾಯಂದಿರಿಗೆ. ಸೋತ ಮಗನನ್ನು ಸಂಬಂಧಿಕರ ಮುಂದೆ ಹೀಯಾಳಿಸಬೇಡಿರಿ. ನಷ್ಟವಾದದ್ದನ್ನು ಮನೆಯಲ್ಲಿ ಹೇಳಲು ಅಂಜುವ ಯುವಕ ಬಡ್ಡಿಗೆ ಸಾಲ ತರುತ್ತಾನೆ. ಆ ಸಾಲ ತೀರಿಸಲು ಇನ್ನೊಂದು ಸಾಲ ತರುತ್ತಾನೆ. ಒಂದು ದಿನ ಮೊಬೈಲ್ ಆರಿಸಿ ಊರು ಬಿಡುತ್ತಾನೆ. ಎಷ್ಟು ನಷ್ಟವಾಗಿದೆ, ಬಾ, ಕುಳಿತು ಲೆಕ್ಕ ಹಾಕೋಣ ಎಂದು ತಂದೆ ಹೇಳಿದರೆ ಮಗ ಅರ್ಧ ಎದ್ದುನಿಂತಂತೆ.

ಮೂರನೆಯದು ಜಮಾಅತ್‌ಗಳ ಹೊಣೆಗಾರರಿಗೂ ಅನುಕೂಲಸ್ಥರಿಗೂ. ಹಸಿದವನಿಗೆ ರಮಝಾನ್ ಕಿಟ್ ನೀಡುವ ಕಾಳಜಿ ನಮ್ಮಲ್ಲಿದೆ. ಅದೇ ಕಾಳಜಿಯಿಂದ, ವ್ಯಾಪಾರದಲ್ಲಿ ಬಿದ್ದ ಪ್ರಾಮಾಣಿಕನಿಗೆ ಬಡ್ಡಿರಹಿತ ಸಾಲ, ಲೆಕ್ಕ ಬರೆಯಲು ಒಬ್ಬ ಮಾರ್ಗದರ್ಶಿ, ಕಾನೂನಿನ ತೊಡಕು ಬಂದಾಗ ಒಬ್ಬ ವಕೀಲ, ಇಷ್ಟನ್ನು ಒದಗಿಸುವ ವ್ಯವಸ್ಥೆ ಪ್ರತಿ ಪಟ್ಟಣದಲ್ಲೂ ಇರಲಿ. ಇಂದು ಎದ್ದುನಿಂತವನು ನಾಳೆ ಹತ್ತು ಮಂದಿಗೆ ಕೆಲಸ ಕೊಟ್ಟಾನು. ಆ ಹತ್ತು ಮಂದಿಯಲ್ಲಿ ನೆರೆಯ ಹಿಂದೂ ಮನೆಯ ಮಗನೂ ಕ್ರೈಸ್ತ ಮನೆಯ ಮಗಳೂ ಇರಲಿ. ವದಂತಿ ಹಬ್ಬಿದ ದಿನ ನಮಗಾಗಿ ಮಾತನಾಡುವವರು ಅವರೇ.

ಚೆನ್ನಲೋಡಿನಲ್ಲಿ ಅನುತ್ತೀರ್ಣನಾದ ಆ ಹುಡುಗನಂತಹವರು ನಮ್ಮ ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಇಂದು ಮನೆಗೆ ಹೋಗುವ ದಾರಿಯಲ್ಲಿ, ಇತ್ತೀಚೆಗೆ ಬಾಗಿಲು ಮುಚ್ಚಿದ ಅಂಗಡಿಯೊಂದನ್ನು ನೆನಪಿಸಿಕೊಳ್ಳಿರಿ. ಆ ಅಂಗಡಿಯವನು ಈಗ ಎಲ್ಲಿದ್ದಾನೆಂದು ವಿಚಾರಿಸಿರಿ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಪ್ರಾಮಾಣಿಕತೆಯನ್ನೂ ಸಮೃದ್ಧಿಯನ್ನೂ ಕರುಣಿಸಲಿ ಎಂಬ ಪ್ರಾರ್ಥನೆಯೊಂದಿಗೆ ನನ್ನ ಮಾತುಗಳನ್ನು ಮುಗಿಸುತ್ತೇನೆ.